ಕೈ ಕೊಡುವ ಊರು

ನಮ್ಮೂರಿನ ಬಾಗಿಲುಗಳಿಗೆ ಯಾರೂ ಬೀಗ ಹಾಕುವುದಿಲ್ಲ. ಬೀಗ ಯಾಕೆ ಬೇಕು? ಹೊರಗಿನಿಂದ ಬಾಗಿಲು ತೆರೆಯಬೇಕಾದರೆ ಇಬ್ಬರು ಅಂಗೈ ಇಡಬೇಕು. ಒಬ್ಬರೇ ಎರಡೂ ಕೈ ಇಟ್ಟರೆ ಆಗುವುದಿಲ್ಲ. ಭುಜ ಕೊಟ್ಟು ನೂಕಿದರೂ ಆಗುವುದಿಲ್ಲ. ಬೈದರಂತೂ ಆಗುವುದೇ ಇಲ್ಲ, ನಾನು ಬೈದು ನೋಡಿದ್ದೇನೆ. ಒಳಗಿನಿಂದ ಹೊರಗೆ ಬರುವುದಕ್ಕೆ ಮಾತ್ರ ಒಂದೇ ಕೈ ಸಾಕು, ಮಗುವಿನ ಕೈಯಾದರೂ ಸಾಕು. ನಾವು ಹೊರಬಿದ್ದ ಕೂಡಲೇ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ.

ಇದಕ್ಕೆ ನಾವೆಲ್ಲ ಒಗ್ಗಿಹೋಗಿದ್ದೇವೆ. ತಿಂಗಳುಗಟ್ಟಲೆ ಮಾತು ಬಿಟ್ಟ ಗಂಡ ಹೆಂಡತಿ ಕೂಡ ಸಂಜೆ ಆರಕ್ಕೆ ಸರಿಯಾಗಿ ಬಾಗಿಲ ಮುಂದೆ ಬಂದು ನಿಲ್ಲುತ್ತಾರೆ. ಒಬ್ಬರು ಪೂರ್ವಕ್ಕೆ, ಒಬ್ಬರು ಪಶ್ಚಿಮಕ್ಕೆ ಮುಖ ಮಾಡಿಕೊಂಡು ಕೈ ಇಡುತ್ತಾರೆ. ಜೊತೆಗೆ ಯಾರೂ ಇಲ್ಲದಿದ್ದರೆ ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ "ಒಂಚೂರು ಕೈ ಕೊಡಿ" ಅಂದರಾಯಿತು. ಕೇಳಿದವರಿಗೆ ಇಲ್ಲ ಅನ್ನಬಾರದು, ಕೇಳದವರಿಗೆ ಕೊಡಬಾರದು. ಕೈ ಕೊಟ್ಟವರು ಒಳಗೆ ಇಣುಕಬಾರದು, ಕೆರೆಯ ಕಡೆ ಮುಖ ತಿರುಗಿಸಿಕೊಂಡು ತಮ್ಮ ಪಾಡಿಗೆ ಹೋಗಬೇಕು. ಇಷ್ಟೇ ನಮ್ಮೂರ ಮರ್ಯಾದೆ. ಹೆಣ್ಣು ಕೊಡುವವರು ಹುಡುಗನ ಬಗ್ಗೆ ಮೊದಲು ಕೇಳುವ ಪ್ರಶ್ನೆಯೇ "ಹುಡುಗ ಹೊತ್ತಿಗೆ ಸರಿಯಾಗಿ ಕೈ ಕೊಡ್ತಾನಾ?" ಎಂಬುದು. ಕೊಡುತ್ತಾನೆ ಅಂದರೆ ಮದುವೆ ಮುಗಿದಂತೆಯೇ.

ನನ್ನ ಹೆಸರು ಅಂಬುಜ. ವಯಸ್ಸು ಐವತ್ತೇಳು. ಮದುವೆಯಾಗಿ ಪಕ್ಕದ ಬೀದಿಗೆ ಹೋಗಿ, ಗಂಡ ತೀರಿಕೊಂಡ ಮೇಲೆ ಅದೇ ಬೀದಿಯಿಂದ ಮರಳಿ ಬಂದವಳು. ನಾನು ಕಂಡ ಲೋಕ ಅಷ್ಟೇ. ನಮ್ಮಕ್ಕ ವನಜ ಮದುವೆಯೇ ಬೇಡ ಅಂದವಳು. ಮೂವತ್ತು ವರ್ಷ ನಾವಿಬ್ಬರೂ ಕೆರೆಯ ದಂಡೆಯ ಈ ಮನೆಯಲ್ಲಿ ದಿನಕ್ಕೆರಡು ಸಲ ಜಗಳವಾಡಿಕೊಂಡು, ದಿನಕ್ಕೆ ನಾಲ್ಕು ಸಲ ಬಾಗಿಲಿಗೆ ಕೈ ಇಟ್ಟುಕೊಂಡು ಬದುಕಿದೆವು. ಎರಡು ವರ್ಷದ ಹಿಂದೆ ಅವಳು ಹೋದಳು. ಮಣ್ಣು ಮಾಡಿ ಬಂದ ದಿನ ಎದುರು ಮನೆಯ ದೋಣಿ ಕೆಂಚಣ್ಣ ನನ್ನ ಬಾಗಿಲಿಗೆ ಕೈ ಕೊಟ್ಟ. ಕೊಟ್ಟವನು ಸುಮ್ಮನೆ ಹೋಗಬಹುದಿತ್ತು. "ಇನ್ಮೇಲೆ ನಿಂಗೆ ನಮ್ಮ ಕೈಯೇ ಗತಿ ಬಿಡು ಅಂಬುಜಾ" ಅಂದ. ಪಾಪ, ಸಮಾಧಾನಕ್ಕೆಂದೇ ಅಂದಿರಬೇಕು. ನನಗೆ ಮೈಯೆಲ್ಲ ಉರಿದುಹೋಯಿತು. "ನಿನ್ನ ಕೈಗಿಂತ ಬೀದೀನೇ ವಾಸಿ, ಎದ್ದು ಹೋಗು" ಅಂದುಬಿಟ್ಟೆ. ಸಮಾಧಾನ ಮಾಡಲು ಬಂದ ಬೀದಿಯವರಿಗೂ ಸಮನಾಗಿ ಹಂಚಿದೆ. ನನ್ನ ಬಾಯಿ ಗೊತ್ತಲ್ಲ, ಒಮ್ಮೆ ಬಿಚ್ಚಿದರೆ ಮುಚ್ಚುವುದಿಲ್ಲ. ಅಂದಿನಿಂದ ನಾನು ಬೀದಿಯಲ್ಲಿ ಯಾರನ್ನೂ ಕೈ ಕೇಳಿಲ್ಲ. ಕೇಳದೆ ಅವರು ಕೊಡುವ ಹಾಗಿಲ್ಲ.

ಹಾಗಾದರೆ ಎರಡು ವರ್ಷ ಒಳಗೆ ಹೊರಗೆ ಹೇಗೆ ಓಡಾಡಿದೆ ಅನ್ನುತ್ತೀರಾ? ಅದಕ್ಕೇ ಅಪಾರ್ಟ್‌ಮೆಂಟು ಮಾಡಿದ್ದು. ಅಕ್ಕ ಇರುತ್ತಿದ್ದ ಮೇಲಿನ ಕೋಣೆ, ಅದರ ಮೂಲೆಯಲ್ಲಿ ಒಂದು ಒಲೆ, ಕೆರೆಗೆ ಮುಖ ಮಾಡಿದ ಬಾಲ್ಕನಿ, ಹೊರಗಿನಿಂದ ಹತ್ತಲು ಕಲ್ಲಿನ ಮೆಟ್ಟಿಲು: ಇದಕ್ಕೆ ಅಪಾರ್ಟ್‌ಮೆಂಟು ಎಂದು ಹೆಸರಿಟ್ಟವನು ಪೇಟೆಯ ಬಸ್ ಏಜೆಂಟು. "ಫೋನು ಹತ್ತದ ಊರು, ಕಿಟಕಿ ತೆಗೆದರೆ ಕೆರೆ, ಜೋಡಿಗಳಿಗೆ ಹೇಳಿ ಮಾಡಿಸಿದ ಜಾಗ ಅಮ್ಮ" ಎಂದು ಅವನೇ ಗಿರಾಕಿಗಳನ್ನು ಬಸ್ಸು ಹತ್ತಿಸಿ ಕಳಿಸುತ್ತಾನೆ. ನಾನು ಹೊಸ ಪರದೆ ಹಾಕಿದೆ, ದಪ್ಪ ಹಾಸಿಗೆ ತರಿಸಿದೆ, ಬಾಲ್ಕನಿಗೆ ಉಯ್ಯಾಲೆ ಹಲಗೆ ಕಟ್ಟಿಸಿದೆ. ಬರುವವರಿಗೆ ಗೊತ್ತಿಲ್ಲದ ಗುಟ್ಟೆಂದರೆ ನನಗೆ ಬೇಕಾಗಿದ್ದು ಬಾಡಿಗೆಯಲ್ಲ, ಕೈ. ಜೋಡಿ ಇರುವಷ್ಟು ದಿನ ನಾನು ಸಂತೆಗೆ ಹೋಗಬಹುದು, ಬೀಸುವ ಗಿರಣಿಗೆ ಹೋಗಬಹುದು. ಅವರು ಕೆರೆ ಸುತ್ತಿ ಬರುವ ಹೊತ್ತಿಗೆ ಜಗುಲಿಯ ಮೇಲೆ ಕೂತು "ಒಂಚೂರು ಕೈ ಕೊಡ್ತೀರಾ?" ಅನ್ನುತ್ತೇನೆ. ಕೆಲವರು ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ನನ್ನ ಹಳ್ಳಿ ಮಾತಿಗೆ ನಗುತ್ತಾರೆ ಅಂದುಕೊಂಡಿದ್ದೆ. ಜೋಡಿ ಹೋದ ಮೇಲೆ ಮುಂದಿನ ಜೋಡಿ ಬರುವವರೆಗೆ ನಾನು ಹೊಸಿಲು ದಾಟುವುದಿಲ್ಲ. ಸೊಪ್ಪಿನವಳನ್ನು ಕಿಟಕಿಯಿಂದಲೇ ಕರೆಯುತ್ತೇನೆ. ಹೋದ ಮಳೆಗಾಲದಲ್ಲಿ ಇಪ್ಪತ್ಮೂರು ದಿನ ಹಾಗೆಯೇ ಒಳಗಿದ್ದೆ.

ಸುಹಾಸ, ಮೇದಿನಿ ಬಂದದ್ದು ಒಂದು ಭಾನುವಾರ, ಮೂರು ಗಂಟೆಯ ಬಸ್ಸಿಗೆ. ನಮ್ಮೂರಿಗೆ ದಿನಕ್ಕೆ ಅದೊಂದೇ ಬಸ್ಸು. ಮೂರಕ್ಕೆ ಬರುತ್ತದೆ, ನಾಲ್ಕಕ್ಕೆ ಹೊರಡುತ್ತದೆ. ಐದು ದಿನಕ್ಕೆಂದು ಬಂದಿದ್ದರು. ಹುಡುಗಿ ಸಣ್ಣಗೆ, ಎಣ್ಣೆಗೆಂಪು, ಮಾತಿಗೆ ಮೊದಲು ನಗು. ಹುಡುಗ ಎತ್ತರ, ಕನ್ನಡಕ, ಪ್ರತಿ ಮಾತನ್ನೂ ಯೋಚಿಸಿ ಆಡುವವನು. ಮದುವೆಯಾಗಿದೆಯೋ ಇಲ್ಲವೋ ನಾನು ಕೇಳಲಿಲ್ಲ, ಕೊರಳು ನೋಡುವ ಅಭ್ಯಾಸ ನನಗಿಲ್ಲ. ಬಾಗಿಲಿನ ವಿಷಯ ಹೇಳಿದ್ದೇ ತಡ, ಇಬ್ಬರೂ ಚಿಕ್ಕ ಮಕ್ಕಳಾದರು. ಕೈ ಇಡುವುದು, ತೆಗೆಯುವುದು, ಒಳಗೆ ಹೋಗುವುದು, ಹೊರಗೆ ಬರುವುದು, ಮತ್ತೆ ಕೈ ಇಡುವುದು. ಮೊದಲ ದಿನ ಇಪ್ಪತ್ತು ಸಲವಾದರೂ ಆ ಬಾಗಿಲು ತೆಗೆದು ಹಾಕಿರಬೇಕು. "ಕೀಲು ಸವೆದ್ಹೋಗತ್ತೆ ಕಣ್ರಪ್ಪಾ!" ಎಂದು ಕೆಳಗಿನಿಂದ ಕೂಗಿದೆ. ಮನಸ್ಸಿನಲ್ಲಿ ಸಂತೋಷವೇ ಆಗಿತ್ತು. ಸೋಮವಾರ ಗಿರಣಿಗೆ ಹೋದೆ. ಬರುವಾಗ ಮೇದಿನಿ ತಾನೇ ಮೆಟ್ಟಿಲಿಳಿದು ಬಂದು ಕೈ ಕೊಟ್ಟಳು, ನಾನು ಹೇಳಿಕೊಟ್ಟಂತೆಯೇ ಕೆರೆಯ ಕಡೆ ತಿರುಗಿಕೊಂಡಳು. ಬೇಗ ಕಲಿತುಬಿಟ್ಟಳು.

ಮಂಗಳವಾರ ಸಂತೆ. ಆರಾಮವಾಗಿ ಸುತ್ತಾಡಿ, ಎರಡು ಚೀಲ ತುಂಬಿಕೊಂಡು ಐದೂವರೆಗೆ ಬಂದರೆ ಮೇದಿನಿ ಮೇಲಿನ ಮೆಟ್ಟಿಲ ಮೇಲೆ ಕೂತಿದ್ದಳು. ಮುಖ ಮೊಣಕಾಲಿನಲ್ಲಿ.

"ಯಾಕಮ್ಮಾ ಹಿಂಗ್ ಕೂತಿದ್ದೀಯ? ಎಲ್ಲಿ ನಿಮ್ಮೋರು?" ಅಂದೆ.

ಅವಳು ತಲೆ ಎತ್ತದೆಯೇ ಹೇಳಿದಳು, "ಕೈ ಕೊಟ್ಟ, ಅಂಬುಜಮ್ಮ."

ಕೈ ಕೊಟ್ಟ ಮೇಲೆ ಇನ್ನೇನು? ಬಾಗಿಲು ತೆರೆದಾಯಿತು, ಹುಡುಗ ಒಳಗೆ ಇದ್ದಾನೆ, ಏನೋ ಸಣ್ಣ ಮುನಿಸಿಗೆ ಇವಳು ಗಾಳಿಗೆ ಕೂತಿದ್ದಾಳೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ನಾನು ನಗುತ್ತಲೇ ಅಂದೆ, "ಹಂಗಿರ್ಬೇಕು ನೋಡು ಗಂಡು ಅಂದ್ರೆ! ನಮ್ಮೂರ ಗಂಡಸ್ರನ್ನ ಹತ್ತು ಸಲ ಕೂಗ್ಬೇಕು. ನೀನು ಪುಣ್ಯ ಮಾಡಿದ್ದೆ ಕಣೇ. ದಿನಾ ಹಿಂಗೇ ಕೈ ಕೊಡ್ತಾ ಇರ್ಲಿ."

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಕಣ್ಣು ಕೆಂಪಗಿತ್ತು. ನನಗೆ ಆಗಲೇ ತಿಳಿಯಬೇಕಿತ್ತು. ಆದರೆ ಚೀಲದ ಹಿಡಿ ಬೆರಳು ಕೊಯ್ಯುತ್ತಿತ್ತು, ಕಾಲು ನೋಯುತ್ತಿತ್ತು. "ನಂಗೂ ಒಂಚೂರು ಕೈ ಕೊಡವ್ವ, ಭಾರ ತಡೀಲಾರೆ" ಅಂದೆ. ಅವಳು ಎದ್ದು ಬಂದು ಬಾಗಿಲ ಮೇಲೆ ಅಂಗೈ ಇಟ್ಟಳು. ಬಾಗಿಲು ತೆರೆಯಿತು. ಅವಳು ಕೆರೆಯ ಕಡೆ ಮುಖ ತಿರುಗಿಸಿದಳು, ನಾನು ಒಳಗೆ ಹೋದೆ.

ಆ ಸಂಜೆ ಮೇಲಿನಿಂದ ಹೆಜ್ಜೆ ಸಪ್ಪಳ ಬರಲಿಲ್ಲ. ಪ್ರತಿ ಜೋಡಿಯ ಹೆಜ್ಜೆಯನ್ನೂ ನಾನು ಎಣಿಸುತ್ತೇನೆ. ಬೇರೆ ಏನು ಕೆಲಸ ನನಗೆ? ಯಾರು ಮೊದಲು ಏಳುತ್ತಾರೆ, ಯಾರು ನೀರಿಗೆ ಹೋಗುತ್ತಾರೆ, ಯಾರ ನಡಿಗೆ ಭಾರ, ಎಲ್ಲ ಸೂರಿನಿಂದಲೇ ತಿಳಿಯುತ್ತದೆ. ರಾಜಿಯಾಗಿ ಬೇಗ ಮಲಗಿದ್ದಾರೆ ಅಂದುಕೊಂಡೆ. ಸ್ವಲ್ಪ ಹೊಟ್ಟೆಯುರಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಬೆಳಗ್ಗೆ ಯಾರೋ ಬಾಗಿಲು ಮುರಿಯುವ ಹಾಗೆ ಬಡಿದರು. ತೆಗೆದರೆ ಕೆಂಚಣ್ಣ. ಎರಡು ವರ್ಷದಲ್ಲಿ ಮೊದಲ ಸಲ ನನ್ನ ಹೊಸಿಲ ಮುಂದೆ.

"ನಿನ್ನ ಮನೆಗೆ ಬಂದ ಹೆಣ್ಮಗಳು ನನ್ನ ದೋಣೀಲಿ ಮಲ್ಗವ್ಳೆ. ಮೈ ಕೆಂಡ ಆಗೈತೆ. ನಮ್ಮೂರಲ್ಲಿ ಹೊರಗಡೆ ಮಲ್ಗಿದ ನೆಂಟ್ರನ್ನ ಯಾವತ್ತಾದ್ರೂ ನೋಡಿದ್ದೀಯೇನೇ? ನೀನು ಮನುಷ್ಯಳಾ?"

"ಏನು ಬೊಗಳ್ತೀಯ? ಅವಳ ಗಂಡ ನಿನ್ನೆ ಕೈ ಕೊಟ್ಟಿದ್ದಾನೆ. ಅವಳೇ ನನ್ಹತ್ರ ಹೇಳಿದ್ಲು."

 ಕೆಂಚಣ್ಣ ತಲೆಯ ಮೇಲಿನ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡ. "ಅಯ್ಯೋ ನಿನ್ನ ಮನೆ ಕಾಯ್ವಾಗ! ಪೇಟೆಯೋರ ಮಾತಲ್ಲಿ ಕೈ ಕೊಟ್ಟ ಅಂದ್ರೆ ಬಿಟ್ಟು ಓಡ್ಹೋದ ಅಂತ ಕಣೇ. ನಾನು ಹದಿನೆಂಟು ವರ್ಷ ಪೇಟೇಲಿ ಮೀನು ಮಾರಿದೋನು. ಮೊದಮೊದಲು ನಾನೂ ಹಿಂಗೇ ನಗೆಪಾಟಲಾಗಿದ್ದೆ. ಆ ಹುಡುಗ ನಿನ್ನೆ ನಾಲ್ಕರ ಬಸ್ಸಿಗೆ ಹತ್ತಿದ್ದನ್ನ ಕಣ್ಣಾರೆ ನೋಡಿದೀನಿ."

 ಎಷ್ಟೋ ಜೋಡಿಗಳು ಬಂದು ಹೋಗಿದ್ದವು, ಯಾರೂ ಈ ಮಾತನ್ನು ನನಗೆ ಹೇಳಿರಲಿಲ್ಲ. ಸುಖವಾಗಿದ್ದವರಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ದಿನಾ ಕೈ ಕೊಡ್ತಾ ಇರ್ಲಿ ಅಂದೆನಲ್ಲ! ಅಂದು, ಅವಳ ಕೈಯಿಂದಲೇ ಬಾಗಿಲು ತೆಗೆಸಿ, ಒಳಗೆ ಹೋಗಿ, ಅನ್ನ ಮಾಡಿ ಉಂಡು ಮಲಗಿದೆನಲ್ಲ! ಬರಿಗಾಲಲ್ಲೇ ದಂಡೆಗೆ ಓಡಿದೆ.

ಮೇದಿನಿ ಬಲೆಗಳ ಮೇಲೆ ಮುದುಡಿಕೊಂಡು ಮಲಗಿದ್ದಳು, ಮೈಮೇಲೆ ಕೆಂಚಣ್ಣನ ಕಂಬಳಿ. ನನ್ನನ್ನು ಕಂಡು ಅತ್ತ ತಿರುಗಿದಳು. ನನಗೆ ಕ್ಷಮೆ ಕೇಳಿ ಅಭ್ಯಾಸವಿಲ್ಲ. ಅಕ್ಕನ ಹತ್ತಿರವೂ ಕೇಳಿದವಳಲ್ಲ. ಹಾಗೂ ಹೀಗೂ ತೊದಲಿಕೊಂಡು ನಮ್ಮೂರಲ್ಲಿ ಆ ಮಾತಿಗೆ ಏನು ಅರ್ಥ ಎಂದು ಹೇಳಿದೆ. ಅವಳು ನಿಧಾನವಾಗಿ ಈ ಕಡೆ ತಿರುಗಿದಳು. "ಅಂದ್ರೆ ನೀವು... ಹಂಗಿರ್ಬೇಕು ಗಂಡು ಅಂದಿದ್ದು..." ಎಂದು ಶುರು ಮಾಡಿ, ನಗಲು ಆರಂಭಿಸಿದಳು. ಜ್ವರದಲ್ಲಿ ಹಲ್ಲು ಕಟಕಟ ಅನ್ನುತ್ತಿತ್ತು, ಆದರೂ ನಗು ನಿಲ್ಲಲಿಲ್ಲ. ನಗುತ್ತಲೇ ಅಳುವುದಕ್ಕೆ ಹತ್ತಿದಳು. ನಾನು ದೋಣಿಯೊಳಕ್ಕೆ ಇಳಿದು ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡೆ. ಕೆಂಚಣ್ಣ ಮುಖ ತಿರುಗಿಸಿಕೊಂಡು ನಿಂತಿದ್ದ.

ಮೇಲಿನ ಕೋಣೆಗೆ ಹೋಗುವುದಿಲ್ಲ ಅಂದಳು. ಅವಳ ಕೈ, ನನ್ನ ಕೈ ಸೇರಿಸಿ ನನ್ನ ಬಾಗಿಲು ತೆಗೆದು, ಮೇಲಿನಿಂದ ಕೆಳಗೆ ಇಳಿಸಿಟ್ಟಿದ್ದ ಅಕ್ಕನ ಮಂಚದ ಮೇಲೆ ಅವಳನ್ನು ಮಲಗಿಸಿದೆ. ಎರಡು ದಿನ ಮೆಣಸಿನ ಕಷಾಯ, ಗಂಜಿ, ಹಣೆಗೆ ಒದ್ದೆ ಬಟ್ಟೆ. ಜ್ವರ ಇಳಿದ ಮೇಲೆ ಜಗಳದ ಕಥೆ ಹೇಳಿದಳು. ಕಥೆಯೇನು ಬಂತು, ಮಣ್ಣು! ಕೆರೆ ಸುತ್ತಿ ಬರುವಾಗ ಏನೋ ಒಂದು ಮಾತಿಗೆ ಮಾತು ಬೆಳೆದಿದೆ. ಬಾಗಿಲ ಮುಂದೆ ಬಂದು ನಿಂತು, ನೀನು ಮೊದಲು ಕೈ ಇಡು ಎಂದು ಇವಳು, ಯಾವಾಗಲೂ ನಾನೇ ಯಾಕೆ ಮೊದಲು ಇಡಬೇಕು ಎಂದು ಅವನು. "ಮೂರು ವರ್ಷದಿಂದ ಎಲ್ಲಾದ್ರಲ್ಲೂ ಇದೇ ಆಯ್ತು ಅಂಬುಜಮ್ಮ. ಫೋನ್ ಯಾರು ಮೊದಲು ಮಾಡ್ಬೇಕು, ಸಾರಿ ಯಾರು ಮೊದಲು ಕೇಳ್ಬೇಕು. ಇಲ್ಲಿಗೆ ಬಂದಿದ್ದೇ ಅದನ್ನೆಲ್ಲಾ ಮರೀಲಿ ಅಂತ. ಎರಡು ಗಂಟೆ ಬಿಸಿಲಲ್ಲಿ ನಿಂತಿದ್ವಿ, ಇಬ್ರೂ ಕೈ ಇಡ್ಲಿಲ್ಲ. ಆಮೇಲೆ ಅವನು ಬಸ್ಸಿನ ಹಾರನ್ ಕೇಳಿ ಹೊರಟೇ ಹೋದ. ಚೀಲನೂ ತಗೊಳ್ಳಲಿಲ್ಲ. ಚೀಲ ಒಳಗಿತ್ತಲ್ಲ."

"ಒಂದು ಕೈ ಇಟ್ಟಿದ್ರೆ ನಿನ್ನ ಬಳೆ ಸವೀತಿತ್ತಾ?" ಅಂದೆ.

"ನೀವು ಎದುರುಮನೆಯೋರನ್ನ ಎರಡು ವರ್ಷದಿಂದ ಕೇಳಿಲ್ವಂತೆ, ಕೆಂಚಣ್ಣ ಹೇಳಿದ್ರು" ಅಂದಳು. ಹುಡುಗಿ ಸಾಮಾನ್ಯಳಲ್ಲ.

ಎದ್ದು ಓಡಾಡುವಂತಾದ ಮೇಲೆ ಅವಳು ಮನೆಯನ್ನು ತನ್ನದು ಮಾಡಿಕೊಂಡಳು. ಒಗ್ಗರಣೆಗೆ ಬೆಳ್ಳುಳ್ಳಿ ಹೆಚ್ಚು ಹಾಕುತ್ತಾಳೆ, ನಾನು ಬೈಯುತ್ತೇನೆ, ಅವಳು ಮರುದಿನ ಇನ್ನೊಂದು ಎಸಳು ಜಾಸ್ತಿ ಹಾಕುತ್ತಾಳೆ. ಆದರೆ ನನ್ನನ್ನು ಹಾಳು ಮಾಡಿದ್ದು ಬೇರೆ. ಶುಕ್ರವಾರ ನಾನು ಕೊತ್ತಂಬರಿ ತರಲು ಹೊರಗೆ ಹೋಗಿ, ಹಿಂತಿರುಗಿ ಜಗುಲಿಯಲ್ಲಿ ಕೂರಬೇಕೆಂದಿದ್ದವಳು ಏಕೋ ಬಾಗಿಲು ತಟ್ಟಿದೆ. ಒಳಗಿನಿಂದ "ಬಂದೇ!" ಎಂದು ಕೂಗು ಕೇಳಿತು. ಬಾಗಿಲು ಒಳಗಿನಿಂದ ತೆರೆಯಿತು. ಎರಡು ವರ್ಷವಾಗಿತ್ತು ನನಗೆಂದು ಯಾರಾದರೂ ಒಳಗಿನಿಂದ ಬಾಗಿಲು ತೆರೆದು. ನಾನು ಹೊಸಿಲಲ್ಲೇ ನಿಂತುಬಿಟ್ಟೆ. "ಏನಾಯ್ತು?" ಅಂದಳು. "ಕೊತ್ತಂಬರಿ ಸರಿಯಿಲ್ಲ, ಬದಲಾಯಿಸ್ಕೊಂಡು ಬರ್ತೀನಿ" ಎಂದು ಮತ್ತೆ ಹೊರಟೆ. ಬೀದಿಯ ತುದಿಯವರೆಗೆ ಹೋಗಿ ಅದೇ ಕೊತ್ತಂಬರಿ ಹಿಡಿದು ಬಂದು ಮತ್ತೆ ತಟ್ಟಿದೆ. "ಬಂದೇ!" ಆ ದಿನ ಐದು ಸಲ ಹೊರಗೆ ಹೋದೆ. ಒಂದಕ್ಕೂ ಕೆಲಸವಿರಲಿಲ್ಲ. ಐವತ್ತೇಳು ವರ್ಷದ ಹೆಂಗಸು ಇಷ್ಟು ಹುಚ್ಚಿಯಾಗಬಹುದು ಅಂತ ನನಗೆ ಗೊತ್ತಿರಲಿಲ್ಲ.

ಭಾನುವಾರ ಅವಳಿಗೆ ಎಣ್ಣೆ ಸ್ನಾನ ಮಾಡಿಸಿದೆ. ಉಂಡವಳೇ ಮೈಮರೆತು ಮಲಗಿದಳು. ನಾನು ಜಗುಲಿಯಲ್ಲಿ ಒಣಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತೆ. ಮೂರರ ಬಸ್ಸು ಬಂತು. ಸ್ವಲ್ಪ ಹೊತ್ತಿಗೆ ಬೀದಿಯ ತಿರುವಿನಲ್ಲಿ ಸುಹಾಸ ಕಂಡ. ಗಡ್ಡ ಬಿಟ್ಟಿದ್ದ, ಅದೇ ಹಳೆಯ ಅಂಗಿ. ನನ್ನ ಕಡೆ ನೋಡದೆ ನೇರ ಮೆಟ್ಟಿಲು ಹತ್ತಿ ಮೇಲಿನ ಬಾಗಿಲು ತಟ್ಟಿದ. ಮೇದಿನೀ ಎಂದು ಕರೆದ. ದನಿ ದೊಡ್ಡದಲ್ಲ. ಆಮೇಲೆ ಒಂದು ಕೈ ಬಾಗಿಲ ಮೇಲಿಟ್ಟು ಹಾಗೇ ನಿಂತ. ಎಷ್ಟು ಹೊತ್ತು ನಿಂತನೆಂದರೆ ನಾನು ಒಂದು ಮೊರ ಮೆಣಸಿನಕಾಯಿ ಮುಗಿಸಿದೆ. ಕೊನೆಗೆ ಇಳಿದು ಬಂದ.

"ಅಮ್ಮಾ, ಒಂದು ಕೈ ಕೊಡಿ" ಅಂದ.

 "ಮೇಲೆ ಯಾರೂ ಇಲ್ಲ" ಅಂದೆ. ಅದು ನಿಜವೇ.

"ಅವಳು ಮನೇಲೂ ಇಲ್ಲ, ಅವರಮ್ಮನ ಮನೇಲೂ ಇಲ್ಲ. ಎಲ್ಲಿ ಹೋದ್ಲು ಗೊತ್ತಾ?"

"ನಂಗೇನು ಗೊತ್ತು?" ಇದು ಸುಳ್ಳು.

"ಅವಳ ಸಾಮಾನು ಇದೆಯಾ ಅಂತಾದ್ರೂ ನೋಡ್ತೀನಿ. ಬಾಗಿಲಿಗೆ ಒಂದು ಕೈ ಕೊಡಿ ಸಾಕು."

ನನ್ನ ಹಿಂದೆ ಒಂದು ಗೋಡೆಯ ಆಚೆ ಅವಳು ಮಲಗಿದ್ದಳು. ಹೆಸರು ಹಿಡಿದು ಕೂಗಿದರೆ ಎದ್ದು ಬರುತ್ತಿದ್ದಳು. ಬಂದರೆ, ನಾಲ್ಕರ ಬಸ್ಸಿಗೆ ಹೋಗುತ್ತಿದ್ದಳು. "ಕೈಗೆ ಖಾರ ಹತ್ತಿದೆ, ಆಗಲ್ಲ" ಅಂದೆ.

ನಮ್ಮೂರಲ್ಲಿ ಆ ಮಾತನ್ನು ಯಾರೂ ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ಅವನು ಹೊರಗಿನವನು, ಅವನಿಗೆ ಗೊತ್ತಾಗಲಿಲ್ಲ. ಎದುರಿಗೆ ಬಲೆ ಹೆಣೆಯುತ್ತಿದ್ದ ಕೆಂಚಣ್ಣನ ಕೈ ಮಾತ್ರ ನಿಂತಿತು. ಸುಹಾಸ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತ. ಹಾರನ್ ಕೇಳಿದಾಗ ಎದ್ದ. "ಅವಳು ಬಂದ್ರೆ ಹೇಳಿ ಅಮ್ಮ. ಮೊದಲು ಕೈ ಇಟ್ಟಿದ್ದು ನಾನೇ ಅಂತ ಹೇಳಿ" ಅಂದ. ಹೇಳ್ತೀನಿ ಅಂದೆ. ಅವನು ಹೋದ.

ಕೆಂಚಣ್ಣ ಬೀದಿ ದಾಟಿ ಬಂದು ನಿಂತ. "ಕೈ ಕೇಳಿದೋನಿಗೆ ಇಲ್ಲ ಅಂದ್ಯಲ್ಲೇ ಅಂಬುಜಾ" ಅಂದ. ಬೈಗುಳವಿರಲಿಲ್ಲ, ಬೈದಿದ್ದರೆ ಉತ್ತರ ಕೊಡುತ್ತಿದ್ದೆ. "ನಿನ್ನ ಕೆಲಸ ನೋಡ್ಕೋ ಹೋಗು" ಅಂದು ಮೊರದತ್ತ ಬಗ್ಗಿದೆ.

ಮೇದಿನಿ ಎದ್ದಾಗ ಐದು ಗಂಟೆ. ಇಬ್ಬರೂ ಹಿತ್ತಲಿನಲ್ಲಿ ಕಾಫಿ ಕುಡಿಯುತ್ತಾ ಕೂತೆವು. ಕೆರೆಯ ಮೇಲೆ ಕೊಕ್ಕರೆಗಳು ಇಳಿಯುತ್ತಿದ್ದವು. ಅವಳು ಕೂದಲು ಬಿಡಿಸಿಕೊಳ್ಳುತ್ತಾ, ಯಾವುದೋ ತರಕಾರಿಯ ವಿಷಯ ಹೇಳುವ ಹಾಗೆ ಹೇಳಿದಳು, "ಒಂದ್ಸಲ ಬಂದು ಬಾಗಿಲ ಮೇಲೆ ಕೈ ಇಟ್ಟಿದ್ರೆ ಸಾಕಿತ್ತು ಅಂಬುಜಮ್ಮ. ಒಂದು ಮಾತೂ ಕೇಳದೆ ಓಡಿ ಹೋಗ್ತಿದ್ದೆ. ಇವತ್ತಿಗೆ ಐದು ದಿನ ಆಯ್ತು. ಬರಲ್ಲ ಬಿಡಿ." ಆಮೇಲೆ ನನ್ನ ಕಡೆ ತಿರುಗಿದಳು. "ನಾನು ಇಲ್ಲೇ ಇದ್ದುಬಿಡ್ಲಾ? ಮೇಲಿನ ಮನೆ ನೋಡ್ಕೋತೀನಿ. ಬಂದ ಜೋಡಿಗಳಿಗೆ ಅಡುಗೆ ಮಾಡಿ ಹಾಕ್ತೀನಿ."

ಎರಡು ವರ್ಷದಿಂದ ನಾನು ದೇವರಲ್ಲಿ ಬೇಡದೇ ಇದ್ದ ವರ ಅದು. ಬೇಡಲು ನಾಚಿಕೆಯಾಗಿ ಬಿಟ್ಟಿದ್ದ ವರ. "ಇರು" ಅಂದೆ.  ಉಳಿದ ಕಾಫಿಯನ್ನು ಗಿಡದ ಬುಡಕ್ಕೆ ಚೆಲ್ಲಿದೆ.

ಸೋಮವಾರ ಬೆಳಗ್ಗೆಯಿಂದ ನಾನು ಮನೆಯಲ್ಲಿ ನಿಲ್ಲಲಿಲ್ಲ. ಹೊರಗೆ ಹೋದೆ, ಬಂದೆ, ತಟ್ಟಿದೆ. "ಬಂದೇ!" ಅನ್ನುವ ಅವಳ ದನಿ ಕೇಳಿದಾಗಲೆಲ್ಲ ಮೊನ್ನೆ ಆಗುತ್ತಿದ್ದ ಸಂತೋಷ ಆಗುತ್ತಿರಲಿಲ್ಲ. ಕದ್ದು ತಿಂದ ಬೆಲ್ಲದ ಹಾಗೆ, ಸಿಹಿ ನಾಲಿಗೆಯ ಮೇಲೆ, ಕಣ್ಣು ಬಾಗಿಲ ಮೇಲೆ. ಹೇಳಿಬಿಡಬೇಕು ಎಂದು ಹತ್ತಕ್ಕೆ ಅಂದುಕೊಂಡೆ, ಊಟವಾಗಲಿ ಅಂದುಕೊಂಡೆ, ಮೂರರ ಬಸ್ಸು ಬಂದಾಗ ಅವನು ಇಳಿದರೆ ನಾನು ಹೇಳುವುದೇ ಬೇಡ ಎಂದು ತಿರುವಿನಲ್ಲಿ ನಿಂತು ನೋಡಿದೆ. ಅವನು ಇಳಿಯಲಿಲ್ಲ. ಕೊನೆಗೆ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಬಂದು ಬಾಗಿಲು ತಟ್ಟಿದೆ. ಆ ಹೊತ್ತನ್ನು ಆರಿಸಿಕೊಂಡದ್ದು ಬೇಕೆಂದೇ. ಹೇಳಿದ ಹಾಗೂ ಆಗಬೇಕು, ಬಸ್ಸೂ ತಪ್ಪಬೇಕು. ನನ್ನ ಯೋಗ್ಯತೆ ಅಷ್ಟೇ.

"ಬಂದೇ!" ಬಾಗಿಲು ತೆರೆಯಿತು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ನನ್ನದೇ ಹಳೆಯ ಸೀರೆ. "ಇವತ್ತು ಇದು ಎಷ್ಟನೇ ಸಲ?" ಎಂದು ನಕ್ಕಳು.

"ಮೇದಿನಿ, ನಾನು ನಿಂಗೆ ಕೈ ಕೊಟ್ಟೆ" ಅಂದೆ.

"ಚೆನ್ನಾಗಿದೆ! ಬಾಗಿಲು ತೆಗ್ದಿದ್ದು ನಾನು, ಕೈ ಕೊಟ್ಟಿದ್ದು ನೀವಾ?"

"ನಮ್ಮೂರ ಮಾತಲ್ಲಿ ಅಲ್ಲ ಕಣೇ. ನಿಮ್ಮ ಕಡೆ ಮಾತಲ್ಲಿ ಹೇಳ್ತಿದ್ದೀನಿ."

ಅವಳ ನಗು ಮುಖದ ಮೇಲೆ ಅರ್ಧಕ್ಕೆ ನಿಂತಿತು. ನಾನು ಉಸಿರು ಬಿಡದೆ ಹೇಳಿದೆ. ನಿನ್ನೆ ಮೂರರ ಬಸ್ಸಿಗೆ ಬಂದಿದ್ದ. ಮೇಲಿನ ಬಾಗಿಲಿಗೆ ಕೈ ಇಟ್ಟು ನಿಂತಿದ್ದ. ನನ್ನ ಕೈ ಕೇಳಿದ, ನಾನು ಕೊಡಲಿಲ್ಲ. ನೀನೆಲ್ಲಿ ಅಂದ, ಗೊತ್ತಿಲ್ಲ ಅಂದೆ. ಮೊದಲು ಕೈ ಇಟ್ಟಿದ್ದು ನಾನೇ ಅಂತ ಹೇಳು ಅಂದ. ಹೇಳ್ತೀನಿ ಅಂದವಳು ನಿನ್ನೆಯಿಂದ ಹೇಳಿರಲಿಲ್ಲ.

"ಯಾಕೆ?" ಅಂದಳು.

"ನೀನು ಹೋಗ್ತೀಯ ಅಂತ."

ಅವಳು ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಕೂಗಾಡಿದ್ದರೆ ಒಳ್ಳೆಯದಿತ್ತು. "ಹೋಗ್ತಿದ್ದೆ" ಅಂದಳು. "ಹೋಗಿ, ಅವನ್ನ ಕರ್ಕೊಂಡು ಮತ್ತೆ ಬರ್ತಿದ್ದೆ. ವರ್ಷಕ್ಕೆ ನಾಲ್ಕು ಸಲ ಬರ್ತಿದ್ದೆ. ಇನ್ನು ಹೆಂಗೆ ಬರ್ಲಿ ಹೇಳಿ?"

  ಅವಳು ಗೋಡೆಯ ಗಡಿಯಾರ ನೋಡಿದಳು. ಸೆರಗು ಬಿಚ್ಚಿ ಸರಿಮಾಡಿಕೊಂಡು, ಬಾಗಿಲ ಹಿಂದಿದ್ದ ಚಪ್ಪಲಿ ಮೆಟ್ಟಿದಳು. ಮೇಲಿದ್ದ ಚೀಲಗಳ ಮಾತೇ ಎತ್ತಲಿಲ್ಲ. ನನ್ನನ್ನು ದಾಟಿ ಹೊರಗೆ ಹೋದಳು, ನಾನು ಒಳಗಾದೆ. ಮೂರು ಹೆಜ್ಜೆ ಹೋದವಳು ತಿರುಗಿದಳು. "ಒಲೆ ಮೇಲೆ ಹಾಲಿದೆ, ನೋಡ್ಕೊಳ್ಳಿ" ಅಂದಳು. ಆಮೇಲೆ ಓಡಿದಳು.

ಬಾಗಿಲು ಮುಚ್ಚಿಕೊಂಡಿತು. ಹಾಲು ಉಕ್ಕುವುದರಲ್ಲಿತ್ತು. ಇಳಿಸಿದೆ. ಪಕ್ಕದಲ್ಲಿ ಎರಡು ಲೋಟ ತೊಳೆದು ಬೋರಲು ಹಾಕಿದ್ದಳು. ಅಷ್ಟರಲ್ಲಿ ಹಾರನ್ ಕೇಳಿಸಿತು.

ಬಸ್ಸು ಸಿಕ್ಕಿತೋ ತಪ್ಪಿತೋ? ಕಿಟಕಿಗೆ ಹೋದೆ, ಅಲ್ಲಿಂದ ನಿಲ್ದಾಣ ಕಾಣುವುದಿಲ್ಲ. ಇಷ್ಟು ಹೊತ್ತು ತಪ್ಪಲಿ ಅಂತ ಹಾರೈಸಿದವಳು ನಾನೇ. ಈಗ ಅವಳು ಖಾಲಿ ನಿಲ್ದಾಣದಲ್ಲಿ ನನ್ನ ಹಳೆ ಸೀರೆಯುಟ್ಟುಕೊಂಡು ನಿಂತಿರುವುದು ಕಣ್ಣಿಗೆ ಕಟ್ಟಿತು. ಇಂದು ರಾತ್ರಿ ಎಲ್ಲಿ ಮಲಗುತ್ತಾಳೆ? ನನ್ನ ಹತ್ತಿರ ಬರುವುದಿಲ್ಲ. ಮತ್ತೆ ದೋಣಿಯಲ್ಲೇ? ಹೋಗಿ ನೋಡಬೇಕು. ಹೊರಗೆ ಹೋದರೆ ಒಳಗೆ ಬರುವುದು ಹೇಗೆ? ಮೇಲೆ ಜೋಡಿ ಇಲ್ಲ. ಒಳಗೆ ಯಾರೂ ಇಲ್ಲ. ಕೈ ಕೇಳಿದವನಿಗೆ ಇಲ್ಲ ಅಂದವಳು ಎಂದು ಇಷ್ಟು ಹೊತ್ತಿಗೆ ಬೀದಿಗೆಲ್ಲ ಗೊತ್ತಾಗಿರುತ್ತದೆ. ಎರಡು ವರ್ಷ ಈ ಲೆಕ್ಕ ಹಾಕದೆ ನಾನು ಒಂದು ಹೆಜ್ಜೆ ಹೊರಗಿಟ್ಟವಳಲ್ಲ. ಹಾಳಾಗಿ ಹೋಗಲಿ ಅಂದುಕೊಂಡು ಬಾಗಿಲಿಗೆ ಕೈ ಇಟ್ಟೆ. ಒಂದೇ ಕೈಗೆ ತೆರೆಯಿತು.

ಮೊಣಕಾಲು ಹಿಡಿದುಕೊಳ್ಳುತ್ತಾ ಓಡಿದೆ. ಜನ ಜಗುಲಿಗಳಿಂದ ನೋಡಿದರು, ಯಾರೂ ಮಾತಾಡಿಸಲಿಲ್ಲ. ನಿಲ್ದಾಣಕ್ಕೆ ಹೋಗುವ ಹೊತ್ತಿಗೆ ಧೂಳು ಇನ್ನೂ ಇಳಿದಿರಲಿಲ್ಲ. ಕಲ್ಲು ಬೆಂಚು ಖಾಲಿ. ಅರಳಿಕಟ್ಟೆಯ ಹಿಂದೆ ನೋಡಿದೆ, ನಲ್ಲಿಯ ಹತ್ತಿರ ನೋಡಿದೆ, ದಂಡೆಗಿಳಿದು ದೋಣಿಗಳನ್ನೂ ಒಂದೊಂದಾಗಿ ಬಗ್ಗಿ ನೋಡಿದೆ. ಎಲ್ಲೂ ಇರಲಿಲ್ಲ. ಬಸ್ಸು ಸಿಕ್ಕಿತ್ತು ಅವಳಿಗೆ.

ಒಳ್ಳೆಯದಾಯಿತು ಅಂದೆ. ಗಟ್ಟಿಯಾಗಿಯೇ ಅಂದೆ. ಆಮೇಲೆ ಬೆಂಚಿನ ಮೇಲೆ ಕೂತು, ಅಕ್ಕ ಹೋದಾಗ ಅಳದೆ ಉಳಿಸಿಕೊಂಡದ್ದನ್ನೂ ಸೇರಿಸಿ ಅತ್ತೆ. ಅಲ್ಲಿಂದ ನಮ್ಮ ಮನೆಗೆ ಹತ್ತು ನಿಮಿಷದ ದಾರಿ. ಹೊತ್ತು ಮುಳುಗಿದ ಮೇಲೆ ಎದ್ದು ಹೊರಟೆ. ಮನೆ ತಲುಪುವ ಹೊತ್ತಿಗೆ ಕತ್ತಲಾಗಿತ್ತು. ನನ್ನ ಬಾಗಿಲ ಮುಂದೆ ನಿಲ್ಲದೆ ಬೀದಿ ದಾಟಿ, "ಒಂಚೂರು ಕೈ ಕೊಡು ಕೆಂಚಣ್ಣ" ಅಂದೆ.